ಮಾತಾಡಾಕ ರೊಕ್ಕ ಕೊಡ್ತಾರೇನು?

ಮೊದಲ ಸಲ ಕೌನ್ಸೆಲರ್ ಹತ್ತಿರ ಹೋಗುವವರು ಸಿನಿಮಾದಲ್ಲಿ ನೋಡಿದ್ದನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಮಲಗೋಕೆ ಸೋಫಾ ಇರಲ್ಲ. ಕಣ್ಣ ಮುಂದೆ ಯಾರೂ ಗಡಿಯಾರ ತೂಗಾಡಿಸಲ್ಲ. ನಾನು ಹೋದ ಕಡೆ ಇದ್ದದ್ದು ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬಿ, ಅವರಿಗೆ ಕಾಣುವ ಹಾಗೆ ನನಗೆ ಕಾಣದ ಹಾಗೆ ಒಂದು ಗಡಿಯಾರ, ಮತ್ತು ಮೂರು ಪುಟದ ಫಾರಂ. ಮೊದಲ ಐವತ್ತು ನಿಮಿಷದಲ್ಲಿ ಅರ್ಧ ಆ ಫಾರಂನಲ್ಲೇ ಹೋಯ್ತು. ನಿದ್ದೆ ಎಷ್ಟು ಗಂಟೆ, ಊಟ ಹೇಗೆ, ಕುಡಿತ ಇದೆಯಾ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ, ಸಾಯಬೇಕು ಅನ್ನೋ ಯೋಚನೆ ಯಾವತ್ತಾದರೂ ಬಂದಿದೆಯಾ. ಕೊನೆಯ ಪ್ರಶ್ನೆಗೆ ಗಾಬರಿಯಾಗಬೇಡಿ. ನಿಮ್ಮ ಮುಖ ನೋಡಿ ಕೇಳಿದ್ದಲ್ಲ, ಎಲ್ಲರಿಗೂ ಕೇಳ್ತಾರೆ. ಕೇಳದೇ ಇರೋರ ಬಗ್ಗೆಯೇ ನನಗೆ ಅನುಮಾನ.

ಸಾಫ್ಟ್‌ವೇರ್‌ನವರಿಗೆ ಇನ್ನೊಂದು ಅಭ್ಯಾಸ ಇದೆ. ಎಲ್ಲವನ್ನೂ ಟಿಕೆಟ್ ರೈಸ್ ಮಾಡಿದ ಹಾಗೆ ಹೇಳೋದು. ಏನು ತೊಂದರೆ, ಯಾವಾಗಿಂದ, ಏನು ಮಾಡಿದರೆ ಮರುಕಳಿಸುತ್ತೆ. ನಾನು ಮೊಬೈಲ್‌ನಲ್ಲಿ ಹನ್ನೊಂದು ಪಾಯಿಂಟ್ ಬರೆದುಕೊಂಡು ಹೋಗಿದ್ದೆ. ಒಂದಾದ ಮೇಲೊಂದು ಓದಿದೆ. ಮೇಡಂ ಪೂರ್ತಿ ಕೇಳಿಸಿಕೊಂಡು, "ತುಂಬಾ ಚೆನ್ನಾಗಿ ಬರ್ಕೊಂಡು ಬಂದಿದ್ದೀರಾ. ಈಗ ಓದುವಾಗ ನಿಮಗೆ ಏನನಿಸ್ತು?" ಅಂದರು. ಏನೂ ಅನಿಸಿರಲಿಲ್ಲ. ಹಾಗೇ ಹೇಳಿದೆ. "ಸರಿ, ಅಲ್ಲಿಂದಲೇ ಶುರು ಮಾಡೋಣ" ಅಂದರು. ನಾನೋ ಪರಿಹಾರ ಹೇಳ್ತಾರೆ ಅಂತ ಪೆನ್ನು ಹಿಡಿದು ಕೂತಿದ್ದೆ.

ನಾನು ಹೋಗಿದ್ದು ಎದೆ ಬಡಿತಕ್ಕೆ. ನನ್ನ ಕೆಲಸದಲ್ಲಿ ತಿಂಗಳಿಗೆ ಒಂದು ವಾರ ಆನ್‌ಕಾಲ್ ಇರುತ್ತೆ. ರಾತ್ರಿ ಎಷ್ಟೊತ್ತಿಗೆ ಸರ್ವರ್ ಮಲಗಿದರೂ ಫೋನ್ ಬಡ್ಕೊಳ್ಳುತ್ತೆ, ಎದ್ದು ನೋಡಬೇಕು. ಹತ್ತು ವರ್ಷದಿಂದ ಮಾಡ್ತಿರೋ ಕೆಲಸ, ಹೊಸದೇನಲ್ಲ. ಆದರೆ ಕೆಲವು ವರ್ಷಗಳಿಂದ ಫೋನ್ ಸದ್ದಾದರೆ ಸಾಕು, ಕೈ ತಣ್ಣಗಾಗಿ, ಎದೆ ಹೊಡ್ಕೊಂಡು, ಹತ್ತು ನಿಮಿಷ ಸ್ಕ್ರೀನ್ ಮೇಲಿನ ಅಕ್ಷರ ತಲೆಗೆ ಹೋಗುತ್ತಿರಲಿಲ್ಲ. ಇಸಿಜಿ ಮಾಡಿಸಿದೆ, ನಾರ್ಮಲ್. ಎಕೋ ಮಾಡಿಸಿದೆ, ಅದೂ ನಾರ್ಮಲ್. ಡಾಕ್ಟರ್ "ಸ್ಟ್ರೆಸ್ ಕಮ್ಮಿ ಮಾಡ್ಕೊಳ್ಳಿ" ಅಂದರು. ಎಲ್ಲಿ ಕಮ್ಮಿ ಮಾಡಬೇಕು ಅಂತ ಹೇಳಲಿಲ್ಲ. ಕೊನೆಗೆ ಹೆಂಡತಿಯೇ ಹೇಳಿದ್ದು, "ಆಫೀಸ್ ಫೋನ್ ಅಷ್ಟೇ ಅಲ್ಲ ರೀ, ಸ್ವಿಗ್ಗಿಯವನು ಮಾಡಿದ್ರೂ ನಿಮ್ಮ ಮುಖ ಬಿಳುಚಿಕೊಳ್ಳುತ್ತೆ."

ಮೇಡಂಗಿಂತ ಮೊದಲು ಒಬ್ಬರ ಹತ್ತಿರ ಎರಡು ಸಲ ಹೋಗಿದ್ದೆ. ಅವರು ಕೆಟ್ಟವರೇನಲ್ಲ. ಪೂರ್ತಿ ಇಂಗ್ಲಿಷು, ಹಿಂದೆ ಗೋಡೆ ಮೇಲೆ ಚೌಕಟ್ಟು ಹಾಕಿದ ಸುಭಾಷಿತಗಳು. ಎರಡನೇ ಸಲಕ್ಕೇ ನನ್ನ ಯೋಚನೆಗಳು ನೆಗೆಟಿವ್ ಅಂತ ತೀರ್ಮಾನಿಸಿ, ದಿನಾ ಮಲಗುವ ಮುಂಚೆ ಐದು ಒಳ್ಳೆ ಸಂಗತಿ ಬರೀರಿ ಅಂದರು. ನಾನು ಬರೆಯಬಲ್ಲೆ, ಇಂಗ್ಲಿಷಿನಲ್ಲಿ ನನಗೆ ಎಲ್ಲವೂ ಚೆನ್ನಾಗಿ ಬರುತ್ತೆ. ತೊಂದರೆಯೇ ಅದು. ಆಂಗ್ಸೈಟಿ, ಟ್ರಿಗರ್, ಬರ್ನ್‌ಔಟ್ ಅಂತ ನಾನು ಹೇಳಿದ್ದೆಲ್ಲ ಇನ್ಯಾರದೋ ಮೆಡಿಕಲ್ ರಿಪೋರ್ಟ್ ಓದಿದ ಹಾಗಿತ್ತು. ಮೂರನೇ ಸಲ ಹೋಗಲಿಲ್ಲ. ಕೌನ್ಸೆಲರನ್ನು ಬದಲಾಯಿಸೋದು ಅವರಿಗೆ ಅವಮಾನ ಅಲ್ಲ, ನಿಮ್ಮ ಸೋಲೂ ಅಲ್ಲ. ದರ್ಜಿಯನ್ನು ಬದಲಾಯಿಸಲ್ವಾ, ಹಾಗೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ದೇಶದಲ್ಲಿ 'ಕೌನ್ಸೆಲರ್' ಅಂತ ಬೋರ್ಡು ಹಾಕಿದವರೆಲ್ಲ ಒಂದೇ ಓದು ಓದಿದವರಲ್ಲ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು, ಮಾತ್ರೆ ಬರೆಯೋದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. 1992ರ ಕಾಯ್ದೆಯಿಂದ ಹುಟ್ಟಿದ ಮಂಡಳಿ ಅದು, ನೋಂದಣಿ ಸಂಖ್ಯೆ ಕೇಳಿದರೆ ಕೊಡ್ತಾರೆ. ಸೈಕಾಲಜಿ ಎಂಎಸ್ಸಿ, ಎಂಎಸ್‌ಡಬ್ಲ್ಯೂ ಮಾಡಿ ತರಬೇತಿ ಪಡೆದ ಒಳ್ಳೆಯ ಕೌನ್ಸೆಲರ್‌ಗಳು ಬೇಕಾದಷ್ಟು ಜನ ಇದ್ದಾರೆ. ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಇಟ್ಕೊಂಡು ಕೂತವರೂ ಇದ್ದಾರೆ. ಹಾಗಾಗಿ ನಾಚಿಕೆ ಇಲ್ಲದೆ ಕೇಳಿ: ಏನು ಓದಿದ್ದೀರಿ, ಎಷ್ಟು ವರ್ಷದಿಂದ ಮಾಡ್ತಿದ್ದೀರಿ, ನನ್ನಂಥ ತೊಂದರೆ ಇರೋರನ್ನ ನೋಡಿದ್ದೀರಾ, ಕನ್ನಡದಲ್ಲಿ ಮಾತಾಡಬಹುದಾ. ಒಂದು ಕೂಲರ್ ತಗೊಳ್ಳೋಕೆ ನಲವತ್ತು ರಿವ್ಯೂ ಓದೋ ನಾವು ಇಷ್ಟು ಕೇಳೋಕೆ ಹಿಂಜರೀತೀವಿ.

ದುಡ್ಡಿನ ವಿಷಯ. ನಾನು ಐವತ್ತು ನಿಮಿಷಕ್ಕೆ 1,500 ಕೊಡ್ತೀನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನೂ ದೇಹದ ಕಾಯಿಲೆಯ ಹಾಗೇ ನೋಡಬೇಕು ಅನ್ನುತ್ತೆ. ಆದರೆ ನನ್ನ ಪಾಲಿಸಿಯಲ್ಲಿ ಆಸ್ಪತ್ರೆ ಸೇರಿದರೆ ಮಾತ್ರ ದುಡ್ಡು, ವಾರಕ್ಕೊಮ್ಮೆ ಕುರ್ಚಿಯಲ್ಲಿ ಕೂತು ಮಾತಾಡೋದಕ್ಕೆ ನಮ್ಮದೇ ಜೇಬು. ಕೆಲವು ಕಂಪನಿಗಳಲ್ಲಿ ನಾಲ್ಕಾರು ಸೆಷನ್ ಉಚಿತ ಇರುತ್ತೆ, ಎಚ್‌ಆರ್‌ಗೆ ಗೊತ್ತಾಗುತ್ತೆ ಅನ್ನೋ ಭಯಕ್ಕೆ ನಮ್ಮ ಟೀಮಿನಲ್ಲಿ ಯಾರೂ ಅದನ್ನು ಮುಟ್ಟಿಲ್ಲ. ದುಡ್ಡು ಹೊಂದಿಸೋಕೆ ಆಗದವರು, ಅಥವಾ ಮಧ್ಯರಾತ್ರಿ ತಡೆಯೋಕೆ ಆಗ್ತಿಲ್ಲ ಅನ್ನೋರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅದು. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

ಎರಡನೇ ಸೆಷನ್‌ನಲ್ಲಿ ಮೇಡಂ ಮೊದಲು ಹೇಳಿದ್ದು ಥೈರಾಯ್ಡ್ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂತ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡ್ಕೊಳ್ಳುತ್ತಂತೆ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆಗ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟದವರು ಸಿಕ್ಕರಲ್ಲ ಅಂತ.

ಅವತ್ತೇ ಊರು ಯಾವುದು ಅಂತ ಕೇಳಿದರು. ಹಂಪಿ ಹತ್ತಿರ ಅಂದೆ. ಹಾಗೇ ಹೇಳಿ ಅಭ್ಯಾಸ. ಹೊಸಪೇಟೆಯಿಂದ ಕಮಲಾಪುರದ ದಾರಿಯಲ್ಲಿ ಬರುವ ಮಲಪನಗುಡಿ ಯಾರಿಗೂ ಗೊತ್ತಿರಲ್ಲ. ಮಲ್ಲಪ್ಪನ ಗುಡಿ ಇದೆ, ಹಳೇ ಬಾವಿ ಇದೆ, ಸುತ್ತ ಬಾಳೆ ಕಬ್ಬು ಇದೆ, ಹಂಪಿಗೆ ಹೋಗೋರು ಕಿಟಕಿಯಿಂದಲೂ ನೋಡದೆ ದಾಟಿ ಹೋಗ್ತಾರೆ. "ಅಂದ್ರೆ ಹಳೇ ಬಳ್ಳಾರಿ ಜಿಲ್ಲೆ?" ಅಂದರು ಮೇಡಂ. ಹೌದು, 2021ರಲ್ಲಿ ವಿಜಯನಗರ ಜಿಲ್ಲೆ ಆಗೋ ತನಕ ನಾವು ಬಳ್ಳಾರಿಯವರೇ. "ನಿಮ್ಮ ಜಿಲ್ಲೇನ ನಾವು ಪರೀಕ್ಷೆಗೆ ಓದಿದ್ದೀವಿ ಕಣ್ರೀ" ಅಂದರು.

ನಾನು ಗಣಿ ಇರಬೇಕು ಅಂದುಕೊಂಡೆ. ಅಲ್ಲ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರು ಮಾಡಿದರಂತೆ. ಆಗ ಜಿಲ್ಲೆಯಲ್ಲಿದ್ದದ್ದು ಸುಮಾರು 20 ಲಕ್ಷ ಜನ. ಅಷ್ಟೂ ಜನರನ್ನು ಬೆಂಗಳೂರಿಗೋ ಧಾರವಾಡಕ್ಕೋ ಕರೆಸೋಕೆ ಆಗಲ್ಲ. ಅದರ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಹೇಗೆ? ಜ್ವರಕ್ಕೆ ಗುಳಿಗೆ ಕೊಡುವ ಕಿಟಕಿಯಲ್ಲೇ ಮೂರ್ಛೆರೋಗಕ್ಕೂ, ಚಿತ್ತಭ್ರಮೆಗೂ ಗುಳಿಗೆ ಸಿಕ್ಕರೆ ಹೇಗೆ? ಐದು ವರ್ಷ ನಡೆಸಿ ನೋಡಿದರು, ನಡೆಯಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಬುನಾದಿ ಇದೇ. ಪುಸ್ತಕಗಳಲ್ಲಿ ಅದರ ಹೆಸರೇ 'ಬಳ್ಳಾರಿ ಮಾದರಿ'. ಬಿಸಿಲು, ಗಣಿ ಧೂಳು, ಒಗ್ಗರಣೆ-ಮಿರ್ಚಿ ಬಿಟ್ಟರೆ ನಮ್ಮ ಜಿಲ್ಲೆಗೆ ಇನ್ನೊಂದು ಹೆಸರಿದೆ ಅನ್ನೋದು ಅಲ್ಲೇ ಬೆಳೆದ ನನಗೆ ಗೊತ್ತಾಗಿದ್ದು ಬೆಂಗಳೂರಿನ ಜಯನಗರದಲ್ಲಿ, 1,500 ರೂಪಾಯಿ ಕೊಟ್ಟು.

ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ ಕೇಳಿದೆ, ನಮ್ಮೂರಾಗ ತಲೆಗೆ ಗುಳಿಗೆ ತಗೊಂಡೋರು ಯಾರಾದ್ರೂ ಇದ್ರಾ ಅಂತ. "ಇದ್ರಲ್ಲಪ್ಪ, ನಮ್ಮ ಹಿಂದಿನ ಮನಿಯಾಕಿ. ಮೊದ್ಲು ಹುಲಿಗೆಮ್ಮಗ ಹೋದ್ರು, ಅಂತ್ರ ಕಟ್ಟಿಸಿದ್ರು. ಆಮ್ಯಾಲೆ ಸರಕಾರಿ ದವಾಖಾನಿ ಗುಳಿಗಿ. ಎರಡೂ ಬಿಡಲಿಲ್ಲ ಆಯಮ್ಮ. ಆರಾಮಾದ್ಲು, ಮಕ್ಕಳ ಮದುವಿ ಮಾಡಿದ್ಲು." ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, "ಯಾರರ ಕೇಳಿದ್ರೇನು?" ಅಂದ್ಲು. ನಮ್ಮ ಕಡೆ ಇದರ ಬಗ್ಗೆ ಇದ್ದ ಮಾತು ಒಂದೇ, "ಇವನ್ನ ಧಾರವಾಡಕ್ಕ ಕಳಿಸ್ಬೇಕು." ಹತ್ತೊಂಬತ್ತನೇ ಶತಮಾನದಲ್ಲೇ ಶುರುವಾದ ಅಲ್ಲಿನ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್ ಅನ್ನೋ ದೊಡ್ಡ ಸಂಸ್ಥೆಯಾಗಿದೆ. ಬೈಗುಳ ಮಾತ್ರ ಹಾಗೇ ಉಳಿದಿದೆ. ಅದಕ್ಕೇ ಊರಿನವರು ಯಾರೂ ನೋಡದ ಜಯನಗರದ ಎರಡನೇ ಮಹಡಿ ನನಗೆ ಹಿತ ಅನಿಸಿದ್ದು.

ಗುಟ್ಟಿನ ಬಗ್ಗೆಯೂ ಹೇಳಿಬಿಡ್ತೀನಿ, ಎಲ್ಲರೂ ಮೊದಲು ಕೇಳೋದು ಅದನ್ನೇ. ನೀವು ಹೇಳಿದ್ದು ಹೊರಗೆ ಹೋಗಲ್ಲ. 2017ರ ಕಾಯ್ದೆಯ 23ನೇ ಸೆಕ್ಷನ್ ಅದನ್ನು ರೋಗಿಯ ಹಕ್ಕು ಅಂತಲೇ ಬರೆದಿದೆ. ಹೆಂಡತಿ ಫೋನ್ ಮಾಡಿ ಕೇಳಿದರೂ ಹೇಳಲ್ಲ, ಮ್ಯಾನೇಜರ್ ಕೇಳಿದರೂ ಹೇಳಲ್ಲ. ಆದರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನಿಸಿದರೆ ಹೇಳ್ತಾರೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೋ ಕಾಯ್ದೆ ಪ್ರಕಾರ ಹೇಳಲೇಬೇಕು. ಕೋರ್ಟು ಕೇಳಿದರೂ ಕೊಡಬೇಕಾಗಬಹುದು. ಒಳ್ಳೆಯ ಕೌನ್ಸೆಲರ್ ಇದನ್ನೆಲ್ಲ ಮೊದಲ ದಿನವೇ ಬಾಯಿಬಿಟ್ಟು ಹೇಳಿ, ಓದಿಸಿ, ಸಹಿ ಹಾಕಿಸಿಕೊಳ್ತಾರೆ.

ನಾಲ್ಕನೇ ಸೆಷನ್ ತನಕ ಏನೂ ಆಗಲಿಲ್ಲ. ಮಾತಾಡ್ತಿದ್ದೆ, ಬರ್ತಿದ್ದೆ, ಆರು ಸಾವಿರ ಖರ್ಚಾಯ್ತು ಅಂತ ಲೆಕ್ಕ ಹಾಕ್ತಿದ್ದೆ. ಆ ದಿನ ಮೇಡಂ, "ಫೋನ್ ಸದ್ದಾದಾಗ ಮೈಯಲ್ಲಿ ಎಲ್ಲಿ, ಏನಾಗುತ್ತೆ?" ಅಂದರು. ಪಾಲ್ಪಿಟೇಷನ್ ಅಂದೆ. "ಡಾಕ್ಟರಿಗೆ ಹೇಳೋ ಹಾಗೆ ಬೇಡ. ನಿಮ್ಮ ಅಮ್ಮನಿಗೆ ಹೇಳೋದಾದ್ರೆ ಹೇಗೆ ಹೇಳ್ತೀರಿ?"

"ಜೀವ ಝಲ್ ಅಂತೈತಿ ಮೇಡಂ."

ಹದಿನೈದು ವರ್ಷ ಆಗಿತ್ತು ಬೆಂಗಳೂರಿಗೆ ಬಂದು, ಹೊರಗಿನವರ ಮುಂದೆ ಊರ ಮಾತು ಬಾಯಿಗೆ ಬಂದು. ಮೇಡಂ ಮಂಡ್ಯ ಕಡೆಯವರು. "ಝಲ್ ಅಂದ್ರೆ ಹೇಗೆ? ನಮ್ಮ ಕಡೆ ಎದೆ ಧಸಕ್ ಅನ್ನುತ್ತೆ ಅಂತೀವಿ, ಅದೇನಾ?" ಅಂದರು. ಅದಲ್ಲ. ಧಸಕ್ ಅನ್ನೋದು ಒಂದೇ ಸಲ ಕೆಳಗೆ ಬೀಳೋದು. ಝಲ್ ಅನ್ನೋದು ತಣ್ಣೀರು ಸುರಿದ ಹಾಗೆ, ನೆತ್ತಿಯಿಂದ ಅಂಗಾಲಿನ ತನಕ ಇಳಿಯುತ್ತೆ. ಇದನ್ನು ವಿವರಿಸುತ್ತಾ ಇರುವಾಗಲೇ ನನಗೆ ಅದು ಮೊದಲ ಸಲ ಆದ ರಾತ್ರಿ ನೆನಪಾಯ್ತು. ಮರೆತಿದ್ದೆ ಅಂತಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ, ಅಷ್ಟೆ.

2019ರ ಏಪ್ರಿಲ್. ಆನ್‌ಕಾಲ್ ವಾರ. ರಾತ್ರಿ ಹನ್ನೊಂದೂಕಾಲಿಗೆ ಒಂದು ಅಲರ್ಟ್ ಬಂತು, ಎದ್ದು ಲ್ಯಾಪ್‌ಟಾಪ್ ತೆಗೆದೆ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್. ಹೆಸರು ನೋಡಲಿಲ್ಲ, ಎತ್ತಿ "ಹಾಂ, ನೋಡ್ತಾ ಇದೀನಿ" ಅಂದೆ. ಆ ಕಡೆ ಅಣ್ಣ. "ಏನು ನೋಡ್ತೀಯೋ, ಅಪ್ಪ ಹೋದ" ಅಂದ. ಹಂಪಿ ಎಕ್ಸ್‌ಪ್ರೆಸ್ ಹೊರಟು ಹೋಗಿದ್ದ ಹೊತ್ತು. ಟ್ಯಾಕ್ಸಿ ಮಾಡಿಕೊಂಡು ಚಿತ್ರದುರ್ಗ, ಕೂಡ್ಲಿಗಿ ದಾಟಿ ಊರು ಸೇರಿದಾಗ ಬೆಳಗಾಗಿತ್ತು. ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ಆ ಅಲರ್ಟ್ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿ ಮೇಲ್ ಬರೆದಿದ್ದೆ, ಒಂದು ತಪ್ಪಿಲ್ಲದ ಇಂಗ್ಲಿಷಿನಲ್ಲಿ. ಊರಲ್ಲಿ ಬುಟ್ಟಿ, ಹೂವು, ಕಟ್ಟಿಗೆ, ಬಂದವರಿಗೆ ಚಹಾ, ಎಲ್ಲ ನಾನೇ ನೋಡಿಕೊಂಡೆ. "ಸಣ್ಣಾಂವ ಗಟ್ಟಿ" ಅಂದರು ಊರವರು. ಹನ್ನೆರಡನೇ ದಿನ ಕೆಲಸಕ್ಕೆ ವಾಪಸ್. ಮುಂದಿನ ತಿಂಗಳು ಮತ್ತೆ ಆನ್‌ಕಾಲ್, ಅದೇ ಫೋನು, ಅದೇ ರಿಂಗ್‌ಟೋನು.

ಅವತ್ತು ಅತ್ತೆ. ಟಿಶ್ಯೂ ಡಬ್ಬಿ ಕುರ್ಚಿಗೆ ಅಷ್ಟು ಹತ್ತಿರ ಯಾಕೆ ಇಟ್ಟಿರ್ತಾರೆ ಅಂತ ಗೊತ್ತಾಯ್ತು. ಮೇಡಂ ಸಮಾಧಾನ ಮಾಡಲಿಲ್ಲ, ಬೆನ್ನು ತಟ್ಟಲಿಲ್ಲ, ಸುಮ್ಮನೆ ಕೂತಿದ್ದರು. ಹೊಸಬರಿಗೆ ಇದು ಕಲ್ಲು ಮನಸ್ಸು ಅನಿಸಬಹುದು. ನಮ್ಮಲ್ಲಿ ಯಾರಾದರೂ ಅತ್ತರೆ ತಕ್ಷಣ "ಅಳಬೇಡ" ಅಂತ ಬಾಯಿ ಮುಚ್ಚಿಸೋರೇ ಜಾಸ್ತಿ. ಸಾವಿನ ಮನೆಯಲ್ಲಿ ಹಾಡಿ ಅಳೋ ಹೆಂಗಸರಿಗೆ ಮಾತ್ರ ಆ ಸ್ವಾತಂತ್ರ್ಯ.

ಇಂಥ ಸೆಷನ್ ಆದ ಮೇಲೆ ಎರಡು ಮೂರು ದಿನ ಮೊದಲಿಗಿಂತ ಕೆಟ್ಟದಾಗಿ ಅನಿಸುತ್ತೆ. ನಿದ್ದೆ ಕೆಡುತ್ತೆ, ಸಿಡಿಮಿಡಿ. ಬಹಳ ಜನ ಬಿಟ್ಟು ಹೋಗೋದು ಇಲ್ಲೇ. ಆದ್ದರಿಂದ ಸೆಷನ್ ಮುಗಿದ ಅರ್ಧ ಗಂಟೆಗೆ ಮೀಟಿಂಗ್ ಇಟ್ಟುಕೊಳ್ಳಬೇಡಿ. ಆನ್‌ಲೈನ್ ತಗೊಳ್ಳೋರು ಜಾಗದ ವ್ಯವಸ್ಥೆ ಮೊದಲೇ ಮಾಡ್ಕೊಳ್ಳಿ. ನನ್ನ ಗೆಳೆಯನೊಬ್ಬ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡ್ತಾನೆ, ಸೆಕ್ಯುರಿಟಿಯವರು ಗಂಡ ಹೆಂಡತಿ ಜಗಳ ಅಂದುಕೊಂಡಿದ್ದಾರೆ.

ಆಮೇಲೆ ಶುರುವಾಗಿದ್ದು ಹೋಂವರ್ಕ್. ಫೋನ್ ಸದ್ದಾದಾಗಲೆಲ್ಲ ಎಷ್ಟು ಝಲ್ ಅಂತು ಅಂತ ಸೊನ್ನೆಯಿಂದ ಹತ್ತರ ತನಕ ಅಂಕಿ ಬರೀಬೇಕು. (ನಮ್ಮ ಫೈಲಿನಲ್ಲಿ ಆ ಕಾಲಂ ಹೆಸರೇ 'ಝಲ್'.) ಮೊದಲು ಹಗಲು ಹೊತ್ತು ನಾನೇ ಆ ಹಳೇ ರಿಂಗ್‌ಟೋನ್ ಹಾಕಿಕೊಂಡು, ಎದೆ ಇಳಿಯೋ ತನಕ ಕೂತು ಕೇಳೋದು. ಆಮೇಲೆ ಹೆಂಡತಿ ಪಕ್ಕದ ರೂಮಿನಿಂದ ಮಾಡೋದು. ಭಯ ಹುಟ್ಟಿಸೋದರ ಹತ್ತಿರ ಸ್ವಲ್ಪ ಸ್ವಲ್ಪವೇ ಹೋಗಿ ಕೂತು ಮೈಗೆ ಅಭ್ಯಾಸ ಮಾಡಿಸೋದು. ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ನಾವು ಎತ್ತಿಗೆ ಟ್ರ್ಯಾಕ್ಟರ್ ಸದ್ದು ರೂಢಿ ಮಾಡಿಸ್ತಿದ್ದದ್ದೂ ಹೀಗೇ. ಕೊನೆಯ ಮೆಟ್ಟಿಲು, ರಾತ್ರಿ ಹೊತ್ತು ಊರಿನಿಂದಲೇ ಒಂದು ಫೋನ್ ಬರಬೇಕು. ಯಾರು ಮಾಡ್ತಾರೆ?

ಹಾಗಾಗಿ ಅವ್ವನಿಗೆ ಹೇಳಲೇಬೇಕಾಯ್ತು. ಹೇಳಿದೆ. ಅವಳ ಮೊದಲ ಪ್ರಶ್ನೆ, "ಮಾತಾಡಾಕ ರೊಕ್ಕ ಕೊಡ್ತಾರೇನು?" ಎಷ್ಟು ಅಂತ ಕೇಳಿದ್ಲು, ಐನೂರು ಅಂದೆ. ಅದಕ್ಕೇ ಹೌಹಾರಿದ್ಲು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಕೂಡ ಮಾತಾಡಿದ್ರ ಆಗ್ತಿದ್ದಿಲ್ಲೇನಪ್ಪ?" ಅಂದ್ಲು. ಇದಕ್ಕೆ ಉತ್ತರ ಕೊಡೋದು ಕಷ್ಟ. ಯಾಕೆಂದರೆ ನಾನು ಯಾರ ಸಾವಿನ ಬಗ್ಗೆ ಮಾತಾಡಬೇಕೋ ಅದು ಅವಳ ಗಂಡ. ನಾನು ಅತ್ತರೆ ಅವಳು ನನ್ನ ಸಮಾಧಾನಕ್ಕೆ ನಿಲ್ತಾಳೆ, ತನ್ನದನ್ನ ನುಂಗಿಕೊಂಡು. ಅವಳು ಅತ್ತರೆ ನಾನು ಅದೇ ಮಾಡ್ತೀನಿ. ವರ್ಷಗಳಿಂದ ಇಬ್ಬರೂ ಫೋನಿನಲ್ಲಿ ಕೇಳಿಕೊಂಡಿದ್ದು "ಉಂಡ್ಯಾ?" ಅಂತ ಮಾತ್ರ. ಸಂಬಳ ತಗೊಂಡು ಕೇಳೋ ಮೂರನೆಯವರ ಮುಂದೆ ಅಳೋದಕ್ಕೆ ಲೆಕ್ಕ ಇಡಬೇಕಾಗಿಲ್ಲ, ಐವತ್ತು ನಿಮಿಷ ಅವರ ದುಃಖವನ್ನು ನಾನು ನೋಡಿಕೊಳ್ಳಬೇಕಾಗಿಲ್ಲ. ದುಡ್ಡು ಕೊಡೋದು ಅದಕ್ಕೇ ಅಂತ ನನಗನಿಸುತ್ತೆ. ಅವ್ವನಿಗೆ ಇಷ್ಟೆಲ್ಲ ಹೇಳಲಿಲ್ಲ. "ನಿನಗ ಫೀಸು ಇಲ್ಲ, ದಿನಾ ರಾತ್ರಿ ಹತ್ತಕ್ಕ ಒಂದು ಫೋನ್ ಮಾಡ್ತೀಯಾ?" ಅಂದೆ.

ಮಾಡಿದ್ಲು. ಸರಿಯಾಗಿ ಹತ್ತಕ್ಕೆ. "ಹಲೋ, ನಾನಪ್ಪ. ಏನೂ ಇಲ್ಲ, ಮೇಡಂ ಹೇಳ್ಯಾರಂತಲ್ಲ, ಅದಕ್ಕ ಮಾಡೀನಿ. ಎಷ್ಟು ಬಂತು?"

"ಎಂಟು."

"ಹತ್ತಕ್ಕ ಎಂಟು? ಚಲೋ ಬಂತಲ್ಲ!"

ಇದರಲ್ಲಿ ಕಮ್ಮಿ ಬಂದರೆ ಪಾಸು ಅಂತ ತಿಳಿಸಿ ಹೇಳೋಕೆ ಎರಡು ದಿನ ಬೇಕಾಯ್ತು. ಆಮೇಲೆ ಅವಳೇ ಲೆಕ್ಕ ಇಟ್ಟುಕೊಳ್ಳೋಕೆ ಶುರು ಮಾಡಿದ್ಲು. "ಇವತ್ತು ಆರೇನು? ನಿನ್ನಿನೂ ಆರೇ ಇತ್ತಲ್ಲ, ಯಾಕ?" ಮೂರನೇ ವಾರದ ಹೊತ್ತಿಗೆ ನಾಲ್ಕಕ್ಕೆ ಬಂದಿತ್ತು.

ಅದೇ ವಾರ ಒಂದು ರಾತ್ರಿ ಅವ್ವ ನಂಬರ್ ಕೇಳಲಿಲ್ಲ. ಎಮ್ಮೆ ಕರು ಹಾಕಿದ್ದು ಹೇಳಿದ್ಲು, ಕಾಲುವೆಗೆ ನೀರು ಬಿಟ್ಟಿದ್ದು ಹೇಳಿದ್ಲು. ಆಮೇಲೆ ಸುಮ್ಮನಾದ್ಲು. ನಾನೂ ಸುಮ್ಮನಿದ್ದೆ. ಮೇಡಂ ಹತ್ತಿರ ಕಲಿತದ್ದು ಅದು. "ನಿಮ್ಮಪ್ಪ ಅವತ್ತು ಉಂಡಿದ್ದಿಲ್ಲ ನೋಡು" ಅಂದ್ಲು. "ರೊಟ್ಟಿ ಮುರುದು ತಾಟಿನಾಗ ಇಟ್ಟಿದ್ದ. ಆ ತಾಟು ಮೂರು ದಿನ ತೊಳಿಲಿಲ್ಲಪ್ಪ ನಾನು. ಅಟ್ಟದ ಮ್ಯಾಲೆ ಇಟ್ಟಿದ್ದೆ. ಯಾರಿಗೂ ಹೇಳಿಲ್ಲ." ಆ ಕರೆ ನಲವತ್ತೇಳು ನಿಮಿಷ ನಡೆಯಿತು.

ಶನಿವಾರ ಮೇಡಂ ಹೋಂವರ್ಕ್ ಫೈಲ್ ತೆರೆದು ಒಂದೊಂದೇ ಸಾಲು ನೋಡ್ತಾ ಬಂದರು. ಐದು, ನಾಲ್ಕು, ನಾಲ್ಕು. ಬುಧವಾರದ ಸಾಲಿನಲ್ಲಿ ನಂಬರ್ ಇರಲಿಲ್ಲ.